ಬ್ರೇಕ್ ಪೆಡಲ್ ಮೆತ್ತಗಾಗಲು ಕಾರಣಗಳು ಹಾಗೂ ಪರೀಕ್ಷಿಸುವ ವಿಧಾನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ವರ್ತಕರಲ್ಲಿ ಅನೇಕರಿಗೆ ಕಾರು ಅಥವಾ ಸಣ್ಣ ಸರಕು ವಾಹನವೇ ವ್ಯವಹಾರದ ಕಾಲು. ಶೇಂಗಾ, ಮೆಕ್ಕೆಜೋಳ, ಈರುಳ್ಳಿ ಚೀಲಗಳಿಂದ ಹಿಡಿದು ಹಡಗಲಿಯ ಮಲ್ಲಿಗೆಯವರೆಗೆ ಎಲ್ಲವೂ ಇವುಗಳಲ್ಲಿ ಸಾಗುತ್ತವೆ. ಚಾಲಕನು ಬಂದು “ಸಾವ್ಕಾರ್ರೇ, ಎರಡು ಸಲ ತುಳಿದ್ರೆ ಬ್ರೇಕ್ ಹಿಡಿತೈತ್ರಿ” ಎಂದಾಗ, ಹಿಡಿಯುತ್ತದೆಯಲ್ಲ ಎಂದು ಸಮಾಧಾನಪಟ್ಟು ಲೋಡು ಕಳುಹಿಸುವ ರೂಢಿ ನಮ್ಮಲ್ಲಿದೆ. ಮೋಟಾರು ವಾಹನಗಳ ಅಧಿನಿಯಮ, 1988ರ 190ನೇ ಕಲಮು ದೋಷಯುಕ್ತ ವಾಹನವನ್ನು ಓಡಿಸಿದವನನ್ನು ಮಾತ್ರವಲ್ಲದೆ, ದೋಷವು ತಿಳಿದಿದ್ದರೂ ಅಥವಾ ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದರೂ ಅದನ್ನು ಓಡಿಸಲು ಬಿಟ್ಟವನನ್ನೂ ಹೊಣೆಗಾರನನ್ನಾಗಿಸುತ್ತದೆ. ಆದುದರಿಂದ ಚಾಲಕನ ಆ ಮಾತಿನ ಅರ್ಥವೇನೆಂಬುದನ್ನು ಮಾಲೀಕರು ಅರಿತಿರುವುದು ಲೇಸು. ದೊಡ್ಡ ಲಾರಿಗಳ ಏರ್ ಬ್ರೇಕಿನ ವಿಚಾರ ಬೇರೆ. ಇಲ್ಲಿ ಹೇಳುವುದು ಬ್ರೇಕ್ ಆಯಿಲ್‌ನಿಂದ ಕೆಲಸ ಮಾಡುವ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ.

ದ್ರವವು ಒತ್ತಿದರೆ ಕುಗ್ಗುವುದಿಲ್ಲ. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಉಂಟಾಗುವ ಒತ್ತಡವು ಪೈಪುಗಳ ಮೂಲಕ ನಾಲ್ಕೂ ಚಕ್ರಗಳಿಗೆ ತಲುಪಿ, ಪ್ಯಾಡು ಮತ್ತು ಶೂಗಳನ್ನು ಒತ್ತುತ್ತದೆ. ಈ ಒತ್ತಡ ಎಲ್ಲಿ ಪೋಲಾಗುತ್ತಿದೆ ಎಂದು ಹುಡುಕುವುದೇ ಪರೀಕ್ಷೆಯ ಸಾರ.

ಮೊದಲು ಎಂಜಿನ್ ನಿಲ್ಲಿಸಿ ನಾಲ್ಕೈದು ಬಾರಿ ಪೆಡಲ್ ತುಳಿಯಬೇಕು. ಇದರಿಂದ ಬೂಸ್ಟರಿನಲ್ಲಿರುವ ನಿರ್ವಾತ ಖಾಲಿಯಾಗುತ್ತದೆ. ಬಳಿಕ ಕಾಲಿಟ್ಟುಕೊಂಡೇ ಎಂಜಿನ್ ಚಾಲೂ ಮಾಡಿದರೆ ಪೆಡಲ್ ತುಸು ಕೆಳಗಿಳಿದು ನಿಲ್ಲುತ್ತದೆ. ಇದು ದೋಷವಲ್ಲ, ಬೂಸ್ಟರ್ ಸರಿಯಾಗಿದೆ ಎಂಬುದರ ಗುರುತು. ಬೂಸ್ಟರ್ ಕೆಟ್ಟರೆ ಪೆಡಲ್ ಗಟ್ಟಿಯಾಗುತ್ತದೆಯೇ ಹೊರತು ಮೆತ್ತಗಾಗುವುದಿಲ್ಲ. ಪೆಡಲ್ ಮೆತ್ತಗಾಗಿದೆ ಎಂದು ಬೂಸ್ಟರ್ ಬದಲಿಸುವವರಿಗೆ ಹಣವೂ ಹೋಗುತ್ತದೆ, ದೋಷವೂ ಉಳಿಯುತ್ತದೆ.

ಕಾಲಿನ ಅಡಿಯಲ್ಲಿ ಪೆಡಲ್ ಸ್ಪಂಜಿನಂತೆ ಭಾಸವಾದರೆ ಸಾಮಾನ್ಯವಾಗಿ ಪೈಪಿನಲ್ಲಿ ಗಾಳಿ ಸೇರಿದೆ ಎಂದು ತಿಳಿಯಬೇಕು. ಗಾಳಿ ಕುಗ್ಗುತ್ತದೆ, ಆದ್ದರಿಂದ ಪೆಡಲಿಗೆ ಗಟ್ಟಿ ತಳ ಸಿಗುವುದಿಲ್ಲ. ಹಳೆಯ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತಿದ್ದರೂ ಇದೇ ಅನುಭವವಾಗುತ್ತದೆ. ಒಬ್ಬರು ಪೆಡಲ್ ತುಳಿಯುತ್ತಿರುವಾಗ ಮತ್ತೊಬ್ಬರು ಹೋಸನ್ನು ಕೈಯಿಂದ ಹಿಡಿದು ನೋಡಿದರೆ ಅದು ತಿಳಿಯುತ್ತದೆ. ಮೊದಲ ತುಳಿತಕ್ಕೆ ಪೆಡಲ್ ಬಹಳ ಕೆಳಗೆ ಹೋಗಿ, ಎರಡು ಮೂರನೆಯದಕ್ಕೆ ಮೇಲೆ ಬಂದು ಗಟ್ಟಿಯಾಗಿ ನಿಂತರೆ, ಹಿಂದಿನ ಡ್ರಮ್ಮಿನಲ್ಲಿ ಶೂ ಸವೆದು ಅಂತರ ಹೆಚ್ಚಿರುವ ಸಂಭವವಿದೆ. ಇದು ಅಡ್ಜಸ್ಟ್ ಮಾಡಿದರೆ ಮುಗಿಯುವ ಸಣ್ಣ ಕೆಲಸ. ಗಾಳಿಯಿದ್ದರೂ ಪದೇ ಪದೇ ತುಳಿದಾಗ ಪೆಡಲ್ ಏರುತ್ತದೆ, ಆದರೆ ಸ್ಪಂಜಿನ ಗುಣ ಉಳಿದೇ ಇರುತ್ತದೆ.

ಹೆಚ್ಚು ಅಪಾಯಕಾರಿಯಾದುದು ತುಳಿದು ಹಿಡಿದಿರುವಾಗಲೇ ನಿಧಾನವಾಗಿ ಕೆಳಗಿಳಿಯುವ ಪೆಡಲ್. ಎಂಜಿನ್ ನಿಲ್ಲಿಸಿ ಸುಮಾರು ಒಂದು ನಿಮಿಷ ಒಂದೇ ಸಮ ಒತ್ತಿ ಹಿಡಿಯಬೇಕು; ಮೊದಲು ಜೋರಾಗಿ, ನಂತರ ಹಗುರವಾಗಿ. ಹಗುರ ಒತ್ತಡದ ಪರೀಕ್ಷೆಯನ್ನು ಬಹಳ ಮಂದಿ ಮಾಡುವುದೇ ಇಲ್ಲ. ಸವೆದ ರಬ್ಬರ್ ಸೀಲು ಜೋರಾದ ಒತ್ತಡಕ್ಕೆ ಅರಳಿ ಸಿಲಿಂಡರಿನ ಗೋಡೆಗೆ ಅಂಟಿಕೊಳ್ಳುತ್ತದೆ, ಹಗುರ ಒತ್ತಡಕ್ಕೆ ಆಯಿಲನ್ನು ಹಿಂದಕ್ಕೆ ಬಿಟ್ಟುಕೊಡುತ್ತದೆ. ರೈಲ್ವೆ ಗೇಟಿನಲ್ಲಿ ನಿಂತಾಗ ಪೆಡಲ್ ಇಳಿದು, ಗ್ಯಾರೇಜಿನಲ್ಲಿ ಎಲ್ಲವೂ ಸರಿಯಾಗಿ ಕಾಣುವುದು ಹೀಗೆ.

ಪೆಡಲ್ ಇಳಿದರೂ ಡಬ್ಬಿಯಲ್ಲಿ ಆಯಿಲ್ ಮಟ್ಟ ಕಡಿಮೆಯಾಗದಿದ್ದರೆ ಮಾಸ್ಟರ್ ಸಿಲಿಂಡರಿನ ಒಳ ಸೀಲನ್ನು ಶಂಕಿಸಬೇಕು. ಮಟ್ಟ ಕಡಿಮೆಯಾಗುತ್ತಿದ್ದರೆ ಹೊರಗೆ ಸೋರಿಕೆಯಿದೆ; ಟಯರುಗಳ ಒಳಮೈ, ಡ್ರಮ್ಮಿನ ಹಿಂಬದಿ, ಪೈಪಿನ ಕೀಲುಗಳನ್ನು ನೋಡಬೇಕು. ಎಲ್ಲಿಯೂ ಹಸಿ ಕಾಣದಿದ್ದರೆ ಮಾಸ್ಟರ್ ಸಿಲಿಂಡರನ್ನು ಬಿಚ್ಚಿ ಅದರ ಹಿಂಬದಿ ಪರೀಕ್ಷಿಸಬೇಕು. ಅಲ್ಲಿಂದ ಸೋರಿದ ಆಯಿಲ್ ಬೂಸ್ಟರಿನೊಳಗೆ ಸೇರುವುದರಿಂದ ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ. ಪ್ಯಾಡು ಸವೆದಂತೆ ಮಟ್ಟ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುವುದು ಮಾತ್ರ ಸಹಜ.

ಬೆಳಿಗ್ಗೆ ಸರಿಯಿದ್ದು ಘಟ್ಟ ಇಳಿಯುವಾಗ ಮಾತ್ರ ಕೈಕೊಡುವ ಬ್ರೇಕ್ ಇನ್ನೊಂದು ಬಗೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ; ತೇವ ಸೇರಿದ ಮೇಲೆ ಅದು 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ನಮ್ಮ ಬಯಲು ಸೀಮೆಯಲ್ಲಿ ಈ ದೋಷ ಗೋಚರಿಸದೆ ಇರಬಹುದು. ಅದೇ ವಾಹನ ತುಂಬಿದ ಲೋಡಿನೊಂದಿಗೆ ಚಾರ್ಮಾಡಿಯನ್ನೋ ಶಿರಾಡಿಯನ್ನೋ ಇಳಿಯುವಾಗ ಆಯಿಲ್ ಕುದಿದು ಆವಿಯಾಗಿ ಪೆಡಲ್ ನೆಲ ಮುಟ್ಟಬಹುದು. ತಣಿದ ಬಳಿಕ ಏನೂ ಆಗದಂತೆ ಮೇಲೆ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದೂ, ಇಳಿಜಾರಿನಲ್ಲಿ ಕಡಿಮೆ ಗೇರಿನಲ್ಲಿ ಬರುವುದೂ ಇದಕ್ಕೆ ಪರಿಹಾರ.

ಏರ್ ತೆಗೆಯುವಾಗ ಹಳೆಯ ವಾಹನದ ಪೆಡಲನ್ನು ನೆಲ ಮುಟ್ಟುವಂತೆ ತುಳಿಯಬಾರದು. ದಿನನಿತ್ಯ ಸೀಲು ಸಾಗದ ಭಾಗದಲ್ಲಿ ಸಿಲಿಂಡರ್ ತುಕ್ಕು ಹಿಡಿದಿರುತ್ತದೆ, ಅಲ್ಲಿಗೆ ಹೋದ ಸೀಲು ಗೀರಿಕೊಂಡು ಹಾಳಾಗುತ್ತದೆ. “ಏರ್ ತೆಗೆಸಿದ ಮೇಲೆಯೇ ಕೆಟ್ಟಿತು” ಎಂಬ ದೂರಿಗೆ ಇದು ಒಂದು ಕಾರಣ. ಹೊರತೆಗೆದ ಆಯಿಲನ್ನು ಮರಳಿ ಹಾಕಿಸಬಾರದು. ಎಂಜಿನ್ ಆಯಿಲ್ ಸ್ವಲ್ಪ ಬೆರೆತರೂ ರಬ್ಬರೆಲ್ಲ ಉಬ್ಬಿ ಇಡೀ ವ್ಯವಸ್ಥೆಯ ಸೀಲುಗಳನ್ನು ಬದಲಿಸಬೇಕಾಗುತ್ತದೆ. ಎ.ಬಿ.ಎಸ್. ಇರುವ ವಾಹನಗಳ ಘಟಕದೊಳಗೆ ಗಾಳಿ ಸಿಕ್ಕಿಕೊಂಡರೆ ಅದನ್ನು ಹೊರಹಾಕಲು ಕೆಲವೊಮ್ಮೆ ಸ್ಕ್ಯಾನರ್ ಉಪಕರಣ ಬೇಕಾಗುತ್ತದೆ. ಅದಿರುವ ಗ್ಯಾರೇಜಿಗೇ ಒಯ್ಯುವುದು ಮಿತವ್ಯಯ.

ಸಿಲಿಂಡರಿನ ಒಳಮೈ ನುಣುಪಾಗಿದ್ದರೆ ಸೀಲು ಕಿಟ್ ಸಾಕು, ಗುಳಿ ಬಿದ್ದಿದ್ದರೆ ಪೂರ್ಣ ಸಿಲಿಂಡರನ್ನೇ ಹಾಕಿಸಬೇಕು. ಬಿಚ್ಚಿದ ಭಾಗವನ್ನು ತೋರಿಸುವಂತೆ ಮೆಕ್ಯಾನಿಕ್‌ರನ್ನು ಕೇಳುವ ಹಕ್ಕು ಮಾಲೀಕರಿಗಿದೆ. ಕೊಟ್ಟೂರಿನ ರಥೋತ್ಸವ ಮತ್ತು ಮೈಲಾರದ ಜಾತ್ರೆಯ ದಿನಗಳಲ್ಲಿ ರಾತ್ರಿಯಿಡೀ ಪಾದಯಾತ್ರಿಗಳು ರಸ್ತೆಯಂಚಿನಲ್ಲಿ ನಡೆಯುತ್ತಾರೆ. ಈ ಪರೀಕ್ಷೆಗಳನ್ನು ಅದಕ್ಕೆ ಹದಿನೈದು ದಿನ ಮೊದಲೇ ಮುಗಿಸಿದರೆ ಬಿಡಿಭಾಗ ತರಿಸಿಕೊಳ್ಳಲು ಸಮಯ ಸಿಗುತ್ತದೆ.