ಆರು ತೂತಿನ ಸಾಕೆಟ್ಟು, ಗೋಡೆಯೊಳಗಿನ ವೈರು

ದಾವಣಗೆರೆಯಲ್ಲಿ ಗ್ಯಾರೇಜು ಬೆಚ್ಚಗಿರಲೆಂದು ಹೀಟರ್ ಇಡುವವರು ಸಿಗಲಾರರು. ಪಿ.ಬಿ. ರಸ್ತೆಯ ಗ್ಯಾರೇಜುಗಳಿಗೆ ವರ್ಷದ ಬಹುಪಾಲು ಬೇಕಾಗುವುದು ಫ್ಯಾನು. ಇಲ್ಲಿ ಹೀಟರ್ ಎಂದರೆ ಬಚ್ಚಲಿನದು: ಬಕೆಟ್ಟಿಗೆ ಇಳಿಬಿಡುವ ಕಾಯಿಲ್, ಇಲ್ಲವೇ ಗೀಸರ್. ಹಂಡೆ ಒಲೆ ತೆಗೆಸಿ ಗೀಸರ್ ಕೂರಿಸುವ ದಿನ ತಕರಾರು ಶುರುವಾಗುತ್ತದೆ. ಅದರ ದಪ್ಪ ಪಿನ್ನು ಬೋರ್ಡಿನ ಸಣ್ಣ ತೂತಿಗೆ ಇಳಿಯುವುದಿಲ್ಲ.

ಇಳಿಯಬಾರದೆಂದೇ ಹಾಗೆ ಮಾಡಿದ್ದಾರೆ. 6 ಆಂಪಿಯರ್ ಪ್ಲಗ್ಗಿನ ಫೇಸ್, ನ್ಯೂಟ್ರಲ್ ಪಿನ್ನುಗಳು ಸುಮಾರು 5 ಮಿ.ಮೀ. ದಪ್ಪ, ಜನ ‘ಪವರ್ ಪ್ಲಗ್’ ಎನ್ನುವ 16 ಆಂಪಿಯರ್‌ನವು ಸುಮಾರು 7 ಮಿ.ಮೀ. ನಮ್ಮ ಐಎಸ್ 1293 ಮಾನದಂಡದ ಈ ದುಂಡು ಪಿನ್ನುಗಳ ಮೂಲ ಬ್ರಿಟನ್ನಿನ ಬಿಎಸ್ 546. ಬ್ರಿಟನ್ 1947ರಲ್ಲಿ ಚಪ್ಪಟೆ ಪಿನ್ನಿನ ಹೊಸ ಮಾನದಂಡ ತಂದಿತು, ನಾವು ದುಂಡನೆಯದನ್ನೇ ಉಳಿಸಿಕೊಂಡೆವು.

ಲೆಕ್ಕ ಸುಲಭ. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್. 1000 ವ್ಯಾಟಿನ ಕಾಯಿಲ್ 4.3 ಆಂಪಿಯರ್ ಎಳೆಯುತ್ತದೆ, ಸಣ್ಣ ಸಾಕೆಟ್ಟು ತಾಳುತ್ತದೆ. 1500 ವ್ಯಾಟಿನದು 6.5, ಆಗಲೇ ಮಿತಿ ದಾಟಿತು. 2000 ವ್ಯಾಟಿನ ಗೀಸರ್ 8.7, 3000 ವ್ಯಾಟಿನದು 13.

ಇಷ್ಟಾದರೂ ಅಂಗಡಿಯಲ್ಲಿ ಆರು ತೂತಿನ ಸಾಕೆಟ್ಟು ಸಿಗುತ್ತದೆ, ಎರಡೂ ಬಗೆಯ ಪಿನ್ನುಗಳು ಅದಕ್ಕೆ ಹೊಂದುತ್ತವೆ. ಹಳೆಯದನ್ನು ಬಿಚ್ಚಿ ಇದನ್ನು ಕೂರಿಸಿದರೆ ಕೆಲಸ ಮುಗಿಯಿತೆಂಬ ಭಾವನೆ ಬರುವುದು ಸಹಜ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಶುರುವಾದ ಪಕ್ಕದ ಹರಿಹರಕ್ಕೆ ಮೋಟಾರು, ತ್ರೀ ಫೇಸ್ ಹೊಸದೇನಲ್ಲ. ಆದರೆ ಕಾರ್ಖಾನೆಯಲ್ಲಿ ಲೋಡು ನೋಡಿ ಕೇಬಲ್ ಎಳೆಯುವವರೇ ಮನೆಗೆ ಬಂದಾಗ ಸಾಕೆಟ್ಟಿನ ಮುಖ ಮಾತ್ರ ನೋಡುವುದುಂಟು. ಗೋಡೆಯೊಳಗೆ ಲೈಟಿಗೆಂದು ಎಳೆದ ‘ಒಂದು’ ಅಥವಾ ‘ಒಂದೂವರೆ’ (ಚದರ ಮಿ.ಮೀ.) ವೈರೇ ಇದ್ದರೆ ಹೊಸ ಮುಖದಿಂದ ಪ್ರಯೋಜನವಿಲ್ಲ. ಪವರ್ ಪ್ಲಗ್ಗಿಗೆ ಮೇನ್ ಬೋರ್ಡಿನಿಂದ ನೇರವಾಗಿ ಬಂದ ಕನಿಷ್ಠ ‘ಎರಡೂವರೆ’ ತಾಮ್ರದ ವೈರು ಬೇಕು, ಗೀಸರ್‌ಗೆ ‘ನಾಲ್ಕು’ ಹಾಕಿಸಿದರೆ ಇನ್ನೂ ನಿಶ್ಚಿಂತೆ.

ಸಡಿಲ ಸ್ಕ್ರೂ ಇನ್ನೊಂದು ಶತ್ರು. ಕರೆಂಟಿನಿಂದ ಹುಟ್ಟುವ ಶಾಖ ಆ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವಿಜ್ಞಾನಿ ಜೌಲ್ 1840ರ ದಶಕದಲ್ಲೇ ಇದನ್ನು ತೋರಿಸಿದ್ದ. ಸಡಿಲ ಜೋಡಣೆಯಲ್ಲಿ ಬರೀ 0.1 ಓಮ್ ತಡೆ ಇದ್ದರೂ 4 ಆಂಪಿಯರ್‌ಗೆ 1.6 ವ್ಯಾಟ್ ಶಾಖ, 13 ಆಂಪಿಯರ್‌ಗೆ ಹತ್ತಿರ ಹತ್ತಿರ 17 ವ್ಯಾಟ್. ಕಡಲೆಕಾಳಿನಷ್ಟು ಜಾಗದಲ್ಲಿ ಇಷ್ಟು ಶಾಖ ಕೂತರೆ ಪ್ಲಾಸ್ಟಿಕ್ ಕಪ್ಪಾಗದೆ ಇರುತ್ತದೆಯೇ?

ಲೋಡು ಮೀರಿದರೆ ತಾನಾಗಿ ಬೀಳುವ ಎಂಸಿಬಿ ಈ ಬಿಸಿಯನ್ನು ಹಿಡಿಯುವುದಿಲ್ಲ. ಅದು ಕಾಯುವುದು ವೈರನ್ನು, ಸ್ಕ್ರೂವನ್ನಲ್ಲ. ಪದೇ ಪದೇ ಬೀಳುತ್ತದೆಂದು 16ರ ಜಾಗಕ್ಕೆ 32ರ ಎಂಸಿಬಿ ಹಾಕುವುದಂತೂ ಕಾವಲುಗಾರನನ್ನೇ ಮಲಗಿಸಿದ ಹಾಗೆ. ನೀರಿರುವ ಕಡೆ ಸೋರುವ ಕರೆಂಟನ್ನು ಹಿಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಎರಡೂ ಇರಲೇಬೇಕು.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೂ ಮುಖ ಬದಲಿಸುವುದಕ್ಕೂ ವೈರು ಎಳೆಯುವುದಕ್ಕೂ ನಡುವೆ ಗೆರೆ ಎಳೆಯುತ್ತವೆ. ಇದ್ದ ಸಾಮರ್ಥ್ಯ ಬದಲಾಗದಂತೆ ಸ್ವಿಚ್ಚು, ಫ್ಯೂಸು ಬದಲಿಸುವುದಕ್ಕೆ ವಿನಾಯಿತಿ ಇದೆ. ಹೊಸ ಲೈನ್ ಎಳೆಯುವುದು ಲೈಸೆನ್ಸ್ ಇರುವ ಗುತ್ತಿಗೆದಾರರ ಕೆಲಸ. ಆರರಿಂದ ಹದಿನಾರಕ್ಕೆ ಹೋಗುವುದು ಎರಡನೆಯ ಸಾಲಿಗೇ ಸೇರಬೇಕು. ಮಂಜೂರಾದ ಲೋಡು ಸಾಲದಿದ್ದರೆ ಬೆಸ್ಕಾಂಗೆ ಅರ್ಜಿ ಹಾಕಬೇಕು.

ದಾವಣಗೆರೆಗೆ ಬೇಡವಾದ ಗ್ಯಾರೇಜ್ ಹೀಟರ್ ಅಮೆರಿಕದ ಚಳಿಯೂರುಗಳಲ್ಲಿರುವ ಕನ್ನಡಿಗರ ಮನೆಗಳಲ್ಲಿ ನಿಜಕ್ಕೂ ಬೇಕಾಗುತ್ತದೆ. 120 ವೋಲ್ಟಿನ ಮಾಮೂಲಿ ಸಾಕೆಟ್ಟು ಅದಕ್ಕೆ ಸಾಲದು. 240 ವೋಲ್ಟಿನ 5000 ವ್ಯಾಟ್ ಹೀಟರ್ ಸುಮಾರು 21 ಆಂಪಿಯರ್ ಎಳೆಯುವುದರಿಂದ ಅಲ್ಲಿ 30 ಆಂಪಿಯರ್‌ನ ಪ್ರತ್ಯೇಕ ಲೈನೇ ಬೇಕು.

ಬೋರ್ಡು ಬಿಚ್ಚುವ ಮುನ್ನ ಮೇನ್ ಆರಿಸಿದರೆ ಸಾಲದು. ಯುಪಿಎಸ್ ಇರುವ ಮನೆಯಲ್ಲಿ ಮೇನ್ ಬಿದ್ದ ಮರುಕ್ಷಣವೇ ಬ್ಯಾಟರಿಯ ಕರೆಂಟು ಕೆಲವು ಬೋರ್ಡುಗಳಿಗೆ ಹರಿಯುತ್ತದೆ. ಕರೆಂಟಿರುವಾಗಲೇ ಒಮ್ಮೆ ಟೆಸ್ಟರ್ ಪರೀಕ್ಷಿಸಿಕೊಂಡು, ಯುಪಿಎಸ್ಸನ್ನೂ ಆರಿಸಿ, ಆಮೇಲೆ ಪ್ರತಿ ವೈರಿಗೂ ಹಿಡಿದು ನೋಡಬೇಕು. ಅರ್ಥ್ ತೂತು ಮೇಲಿದ್ದಾಗ ಎದುರಿಗೆ ನಿಂತವರ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಸ್ವಿಚ್ಚು ಫೇಸನ್ನೇ ಕತ್ತರಿಸಬೇಕು. ಮೊದಲ ಸಲ ಗೀಸರ್ ಹದಿನೈದು ನಿಮಿಷ ಓಡಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಅದರ ಮೈ ಮುಟ್ಟಿ ನೋಡುವುದು ಒಳ್ಳೆಯದು. ಕೈ ಚುರ್ರೆನ್ನುವಷ್ಟು ಬಿಸಿಯಿದ್ದರೆ ವೈರ್‌ಮ್ಯಾನನ್ನು ಮತ್ತೆ ಕರೆಸಬೇಕು.