ಕಂತು ಬರುವುದು ಪಹಣಿಯ ಹೆಸರಿಗೆ

ಕಿಸಾನ್ ಸಮ್ಮಾನ್ ಕಂತು ಜಮೆಯಾದ ವಾರ ಯಾವುದೇ ರೈತ ಸಂಪರ್ಕ ಕೇಂದ್ರದ ಮುಂದೆ ನಿಂತರೂ ಹತ್ತಾರು ಮಾತು ಕಿವಿಗೆ ಬೀಳುತ್ತವೆ. ಅವುಗಳಲ್ಲಿ ಹಲವು ತಪ್ಪು ತಿಳಿವಳಿಕೆ. ಒಂದು ಮಾತ್ರ ನಿಜವಾಗಿರಬೇಕಿತ್ತು, ಆಗಿಲ್ಲ. ಅದರಿಂದಲೇ ಶುರು ಮಾಡುತ್ತೇನೆ.

ತಪ್ಪು ಕಲ್ಪನೆ: ಹೊಲದಲ್ಲಿ ದುಡಿಯುವವರಿಗೆ ಈ ಹಣ ಬರುತ್ತದೆ.

ವಾಸ್ತವ: ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ಇದು ಸಲ್ಲುವುದು ಜಮೀನಿನ ದಾಖಲೆಯಲ್ಲಿ ಹೆಸರಿರುವ ಕುಟುಂಬಕ್ಕೆ. ಗುತ್ತಿಗೆಗೆ, ಕೋರಿಗೆ, ಪಾಲಿಗೆ ಮಾಡುವವರು ಯೋಜನೆಯ ಹೊರಗೆ. ಕರ್ನಾಟಕದಲ್ಲಿ ಇವರ ಪಾಡು ಇನ್ನೂ ಬಿಗಿ. 1974ರ ಭೂಸುಧಾರಣಾ ತಿದ್ದುಪಡಿ ಲಕ್ಷಾಂತರ ಗೇಣಿದಾರರಿಗೆ ಭೂಮಿ ಕೊಟ್ಟಿತು. ಜೊತೆಗೆ, ಸೈನಿಕರಂಥ ಕೆಲವರನ್ನು ಬಿಟ್ಟು, ಮುಂದೆ ಯಾರೂ ಜಮೀನು ಗೇಣಿಗೆ ಕೊಡಕೂಡದೆಂದಿತು. ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಬರೆದುಕೊಟ್ಟರೆ ಜಮೀನೇ ಕೈಬಿಟ್ಟೀತೆಂಬ ಅಂಜಿಕೆ ಮಾಲೀಕರಲ್ಲಿ ಇಂದಿಗೂ ಇದೆ. ಹೀಗಾಗಿ ಸಾಲ ಮಾಡಿ ಬಿತ್ತಿದವರ ಹೆಸರು ಯಾವ ಕಚೇರಿಯ ಕಡತದಲ್ಲೂ ಇಲ್ಲ, ಪಹಣಿಯಲ್ಲಿ ಹೆಸರಿರುವವರು ಬೆಂಗಳೂರಿನಲ್ಲಿ ನೆಲೆಸಿದ್ದರೂ ಕಂತು ಅವರಿಗೇ. ಇದನ್ನು ಸಣ್ಣ ಲೋಪವೆಂದು ನಾನು ಒಪ್ಪಲಾರೆ. ನೆರೆಯ ಆಂಧ್ರಪ್ರದೇಶ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕು ಕಾಯ್ದೆ ತಂದು, 11 ತಿಂಗಳ ಒಪ್ಪಂದದ ಮೇಲೆ ಗುತ್ತಿಗೆದಾರರಿಗೆ ಕಾರ್ಡು ಕೊಡಲು ಹೊರಟಿತು. ಮಾಲೀಕರ ಸಹಿ ಬೇಕಿದ್ದರಿಂದ ಎಲ್ಲರಿಗೂ ಅದು ಸಿಗಲಿಲ್ಲ. ಆದರೂ ಒಡೆತನವನ್ನು ಮುಟ್ಟದೆ ಸಾಗುವಳಿಯನ್ನು ದಾಖಲಿಸುವ ದಾರಿಯೊಂದಿದೆ ಎಂಬುದು ಗೊತ್ತಾಯಿತು. ನಮ್ಮಲ್ಲೂ ಅದು ಆಗಬೇಕು.

ತಪ್ಪು ಕಲ್ಪನೆ: ಐದೆಕರೆ ದಾಟಿದರೆ ಹಣವಿಲ್ಲ.

ವಾಸ್ತವ: 2019ರ ಫೆಬ್ರುವರಿಯಲ್ಲಿ ಯೋಜನೆ ಶುರುವಾದಾಗ 2 ಹೆಕ್ಟೇರಿನ ಮಿತಿ ಇತ್ತು, ಜೂನ್ ಹೊತ್ತಿಗೆ ತೆಗೆದರು. ಈಗ ಹೊರಗಿರುವವರು ಆದಾಯ ತೆರಿಗೆ ಕಟ್ಟುವವರು, ಡಿ ದರ್ಜೆ ಬಿಟ್ಟು ಉಳಿದ ಸರ್ಕಾರಿ ನೌಕರರು, ತಿಂಗಳಿಗೆ 10,000 ಅಥವಾ ಅದಕ್ಕಿಂತ ಹೆಚ್ಚು ಪಿಂಚಣಿ ಪಡೆಯುವವರು, ವೃತ್ತಿಯಲ್ಲಿರುವ ವೈದ್ಯರು, ವಕೀಲರು ಮುಂತಾದವರು.

ತಪ್ಪು ಕಲ್ಪನೆ: ಯಜಮಾನ ತೀರಿಕೊಂಡರೆ ಕಂತು ತಾನಾಗಿ ಮನೆಯವರಿಗೆ ಬರುತ್ತದೆ.

ವಾಸ್ತವ: ಮೊದಲು ಪೌತಿ ಖಾತೆಯಾಗಬೇಕು. ಆಮೇಲೆ ರೈತರ ಗುರುತಿನ ಸಂಖ್ಯೆ (ಎಫ್‌ಐಡಿ), ಇ-ಕೆವೈಸಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅಣ್ಣತಮ್ಮಂದಿರ ಒಪ್ಪಿಗೆಗೆ ಕಾಯುತ್ತ ಕೂತ ವಿಧವೆಗೆ ಇದರ ಪೆಟ್ಟು ಹೆಚ್ಚು.

ತಪ್ಪು ಕಲ್ಪನೆ: ಈ ಕಂತು, ಬೆಳೆಹಾನಿ ಪರಿಹಾರ ಎರಡೂ ಒಂದೇ.

ವಾಸ್ತವ: ಪರಿಹಾರ ಬರುವುದು ವಿಪತ್ತು ನಿಧಿಯಿಂದ, ಬೆಳೆ ಶೇ 33 ಅಥವಾ ಹೆಚ್ಚು ಹಾಳಾದಾಗ, 2 ಹೆಕ್ಟೇರ್‌ವರೆಗೆ. 2022ರಲ್ಲಿ ಪರಿಷ್ಕರಿಸಿದ ಕೇಂದ್ರದ ದರದಂತೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಒಣಬೇಸಾಯದ ಎಕರೆಗೆ ಸುಮಾರು 3,400 ಎಂದಾಯಿತು. ಬಿತ್ತನೆಯ ಖರ್ಚೂ ಇದರಲ್ಲಿ ಹುಟ್ಟುವುದಿಲ್ಲ.

ತಪ್ಪು ಕಲ್ಪನೆ: ಗೊಬ್ಬರದ ಸಬ್ಸಿಡಿ ರೈತರ ಖಾತೆಗೆ ಬೀಳುತ್ತದೆ.

ವಾಸ್ತವ: ಅದು ಹೋಗುವುದು ಕಂಪನಿಗೆ, ಅಂಗಡಿಯ ಯಂತ್ರದಲ್ಲಿ ಮಾರಾಟ ದಾಖಲಾದ ಮೇಲೆ. 45 ಕೆಜಿ ಯೂರಿಯಾ ಚೀಲಕ್ಕೆ 266.50 ರೂಪಾಯಿ ನಿಗದಿಯಾಗಿರುವುದು ಅದರ ಬಲದಿಂದ. ಹೆಬ್ಬೆಟ್ಟೊತ್ತಿ ಕೊಳ್ಳುವ ಗುತ್ತಿಗೆದಾರರಿಗೂ ಇದರ ಲಾಭ ಮುಟ್ಟುತ್ತದೆ.

ತಪ್ಪು ಕಲ್ಪನೆ: ಗುತ್ತಿಗೆಗೆ ಮಾಡುವವರಿಗೆ ಬೆಳೆ ವಿಮೆ ಇಲ್ಲ.

ವಾಸ್ತವ: ಫಸಲ್ ಬಿಮಾ ನಿಯಮ ಅವರನ್ನೂ ಸೇರಿಸಿಕೊಂಡಿದೆ. ರೈತರ ಪಾಲಿನ ಕಂತು ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ತೊಡಕಿರುವುದು ಕಾಗದದಲ್ಲಿ: ಕರಾರು ಅಥವಾ ಮಾಲೀಕರ ಒಪ್ಪಿಗೆ ಪತ್ರ ಕೇಳುತ್ತಾರೆ. ಬಿತ್ತುವ ಮೊದಲೇ ಮಾಲೀಕರೊಡನೆ ಮಾತಾಡಿ ಬರೆಸಿಕೊಳ್ಳಿ, ನೋಂದಣಿಯ ಕೊನೆಯ ದಿನದವರೆಗೆ ಕಾಯಬೇಡಿ.