ಸಭೆಯ ಸ್ಲೈಡುಗಳಿಗೆ ಸಾದಾ ಬರಹವೇ ಸಾಕು

ಕಳೆದ ವರ್ಷ ಮೇ ತಿಂಗಳ ಕೊನೆಯ ವಾರದಲ್ಲಿ ನಮ್ಮ ಸಂಘದ ಗೋದಾಮಿನ ಮಹಡಿಯಲ್ಲಿ ಕೊಳೆರೋಗದ ಬಗ್ಗೆ ನಡೆದ ಸಭೆ ಸದಸ್ಯ ಬಾಂಧವರಿಗೆ ನೆನಪಿರಬಹುದು. ಬೋರ್ಡೋ ದ್ರಾವಣ ತಯಾರಿಸುವ ಕ್ರಮವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಬೇಕೆಂದು ನಾವು ಹಲವು ಸಂಜೆ ಕುಳಿತು ಸ್ಲೈಡುಗಳನ್ನು ತಯಾರಿಸಿದ್ದೆವು. ಕಚೇರಿಯ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಸಭೆಗೆಂದು ಎರವಲು ತಂದ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಮಾತ್ರ ಗೋಡೆಯ ಮೇಲೆ ಮೂಡಿದ್ದು ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಕಲಸುಮೇಲೋಗರ.

ವಿಧಿಯಿಲ್ಲದೆ ಪ್ರಮಾಣಗಳನ್ನು ಬಾಯಿಯಲ್ಲಿ ಹೇಳಿ ಸಭೆ ಮುಗಿಸಿದೆವು. ಹೊರಗೆ ಮೊದಲ ಮಳೆ. ತಗಡಿನ ಮಾಡಿನ ಸದ್ದಿನಲ್ಲಿ ಹಿಂದಿನ ಸಾಲಿನ ಒಬ್ಬ ಸದಸ್ಯರಿಗೆ ಸುಣ್ಣ ಕಾಲು ಕಿಲೋ ಎಂದು ಕೇಳಿಸಿತಂತೆ. ಅವರ ಮನೆಯಲ್ಲಿದ್ದ ಸುಣ್ಣವೂ ಹಳೆಯದು. ಹಾಗೆಯೇ ಕಲಸಿ ಹೊಡೆಸಿದರು. ಸುಣ್ಣ ಸಾಲದಿದ್ದರೆ ದ್ರಾವಣದಲ್ಲಿ ಉಳಿಯುವ ತಾಮ್ರ ಎಳೆ ಕಾಯಿಯನ್ನು ಸುಡುತ್ತದೆ. ಅವರ ತೋಟದ ಕೆಳಗಿನ ಬದಿಯಲ್ಲಿ ಆದದ್ದು ಅದೇ. ತಪ್ಪು ಅವರದಲ್ಲ, ನಮ್ಮದು. ಅಂದಿನಿಂದ ಈ ವಿಷಯದ ಬೆನ್ನು ಹತ್ತಿ ನಾವು ಕಲಿತದ್ದನ್ನು ಇಲ್ಲಿ ಒಪ್ಪಿಸುತ್ತಿದ್ದೇವೆ.

ಕೆಟ್ಟದ್ದು ಎಲ್ಲಿ?

ಕಾರಣಗಳು ಎರಡು. ಮೊದಲನೆಯದು ಅಕ್ಷರ. ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡುವ ಹಳೆಯ ಕ್ರಮದಲ್ಲಿ ಒಳಗೆ ಸೇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ. ಅವುಗಳ ಮೇಲೆ ಕನ್ನಡದ ಮುಖವಾಡ ಹಾಕುತ್ತಿದ್ದುದು ಫಾಂಟು. ಆ ಫಾಂಟು ಇಲ್ಲದ ಯಂತ್ರದಲ್ಲಿ ಮುಖವಾಡ ಕಳಚುತ್ತದೆ. 1991ರಲ್ಲಿ ಹೊರಬಂದ ಯೂನಿಕೋಡ್ ಕ್ರಮದಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಖ್ಯೆಗಳುಂಟು. ಇಂದಿನ ಮೊಬೈಲು, ಕಂಪ್ಯೂಟರುಗಳೆಲ್ಲ ಅದನ್ನು ಓದಬಲ್ಲವು. ನುಡಿ, ಬರಹ ತಂತ್ರಾಂಶಗಳಲ್ಲಿಯೂ ಯೂನಿಕೋಡ್ ಆಯ್ಕೆ ಇದೆ.

ಎರಡನೆಯದು, ಬರಹವನ್ನೂ ಅಲಂಕಾರವನ್ನೂ ಒಂದೇ ಫೈಲಿನಲ್ಲಿ ಬಿಡಿಸಲಾಗದಂತೆ ಹೆಣೆದದ್ದು. ನಾವು ಕಾಫಿಯನ್ನು ಬೀಜವಾಗಿ ಕೂಡಿಟ್ಟು, ಬೇಕಾದಾಗ ಹುರಿದು ಪುಡಿ ಮಾಡುತ್ತೇವೆಯೇ ಹೊರತು ವರ್ಷದ ಪುಡಿಯನ್ನು ಒಮ್ಮೆಗೇ ಮಾಡಿಡುವುದಿಲ್ಲ. ಬೀಜ ಬಾಳುತ್ತದೆ, ಪುಡಿ ಬಾಳುವುದಿಲ್ಲ. ಸ್ಲೈಡುಗಳಿಗೂ ಇದೇ ನ್ಯಾಯ. ಸಾದಾ ಬರಹವನ್ನು ಕಾಪಾಡಿಕೊಂಡರೆ ಸಾಕು, ಸ್ಲೈಡುಗಳನ್ನು ಎಷ್ಟು ಸಲ ಬೇಕಾದರೂ ಅದರಿಂದ ತೆಗೆಯಬಹುದು.

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿ ಪ್ರಕಟಿಸಿದ ವರದಿಯನ್ನು ಇಂದಿಗೂ ಓದಬಹುದು. ನಮ್ಮ ಬರಹವಾದರೋ ಕಚೇರಿಯಿಂದ ಮಹಡಿ ಹತ್ತುವಷ್ಟರಲ್ಲಿ ಹಾಳಾಯಿತು!

ಈ ಕ್ರಮ ಬಂದ ಬಗೆ

2004ರಲ್ಲಿ ಅಮೆರಿಕದ ಜಾನ್ ಗ್ರೂಬರ್ ಎಂಬುವರು ಆರನ್ ಸ್ವಾರ್ಟ್ಜ್ ಅವರ ನೆರವಿನೊಂದಿಗೆ ಮಾರ್ಕ್‌ಡೌನ್ ಎಂಬ ಬರವಣಿಗೆಯ ಕ್ರಮವನ್ನು ಪ್ರಕಟಿಸಿದರು. ತಲೆಬರಹಕ್ಕೆ ಒಂದು ಚಿಹ್ನೆ, ಪಟ್ಟಿಗೆ ಒಂದು ಚಿಹ್ನೆ, ಇಷ್ಟೇ ಅದರ ತಿರುಳು. 2006ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರದ ಅಧ್ಯಾಪಕ ಜಾನ್ ಮ್ಯಾಕ್‌ಫಾರ್ಲೇನ್ ಅವರು ಪ್ಯಾನ್‌ಡಾಕ್ ಎಂಬ ತಂತ್ರಾಂಶವನ್ನು ಹೊರತಂದರು. ಒಂದು ರೂಪದ ಬರಹವನ್ನು ಇನ್ನೊಂದು ರೂಪಕ್ಕೆ ತಿರುಗಿಸುವುದು ಅದರ ಕೆಲಸ. 2011ರಲ್ಲಿ ಹಕೀಮ್ ಎಲ್ ಹತ್ತಾಬ್ ಎಂಬುವರು ರಿವೀಲ್‌ಜೆಎಸ್ ಎಂಬುದನ್ನು ಬಿಡುಗಡೆ ಮಾಡಿದರು. ಇದು ಬ್ರೌಸರಿನಲ್ಲಿಯೇ ಸ್ಲೈಡುಗಳನ್ನು ಒಂದೊಂದಾಗಿ ತೋರಿಸುತ್ತದೆ. ಈ ಯಾವುದಕ್ಕೂ ಹಣ ಕೊಡಬೇಕಾಗಿಲ್ಲ.

ಬರೆಯುವ ವಿಧಾನ

ವಿಂಡೋಸ್ ಕಂಪ್ಯೂಟರಿನ ನೋಟ್‌ಪ್ಯಾಡಿನಲ್ಲಿ ನಾವು ಬರೆದದ್ದರ ಒಂದು ಭಾಗ ಹೀಗಿದೆ:

# ಬೋರ್ಡೋ ದ್ರಾವಣ, ಶೇ. 1

- ಮೈಲುತುತ್ತ 1 ಕಿಲೋ
- ಸುಣ್ಣ 1 ಕಿಲೋ
- ನೀರು ಒಟ್ಟು 100 ಲೀಟರ್

---

# ಕಲಸುವ ಕ್ರಮ

- ಎರಡನ್ನೂ ಬೇರೆ ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ
- ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ
- ಹೊಳೆಯುವ ಕಬ್ಬಿಣದ ಚೂರಿ ಅದ್ದಿ ನೋಡಿ. ಕೆಂಪು ಅಂಟಿದರೆ ಇನ್ನಷ್ಟು ಸುಣ್ಣ ಸೇರಿಸಿ
- ಅದೇ ದಿನ ಹೊಡೆದು ಮುಗಿಸಿ

ಸಾಲಿನ ಮೊದಲ ಚೌಕುಳಿ ಚಿಹ್ನೆ ತಲೆಬರಹವನ್ನು ಸೂಚಿಸುತ್ತದೆ. ಒಂದು ಸಣ್ಣ ಗೆರೆ ಎಂದರೆ ಪಟ್ಟಿಯ ಒಂದು ಅಂಶ. ಮೂರು ಗೆರೆ ಒಟ್ಟಿಗೆ ಬಂದರೆ ಅಲ್ಲಿಂದ ಹೊಸ ಸ್ಲೈಡು. ತಿರುಗಿಸದೆ ಬಿಟ್ಟರೂ ಇದನ್ನು ಹಾಗೆಯೇ ಓದಿ ಅರ್ಥ ಮಾಡಿಕೊಳ್ಳಬಹುದೆಂಬುದನ್ನು ಗಮನಿಸಬೇಕು.

ನಂತರ ಪ್ಯಾನ್‌ಡಾಕ್‌ಗೆ ಈ ಫೈಲನ್ನು ಕೊಟ್ಟು ರಿವೀಲ್‌ಜೆಎಸ್ ರೂಪಕ್ಕೆ ತಿರುಗಿಸಲು ಆಜ್ಞೆ ಕೊಡಬೇಕು. ಆಜ್ಞೆ ಒಂದೇ ಸಾಲಿನದು. ಅದರಲ್ಲಿ ‘ಎಂಬೆಡ್ ರಿಸೋರ್ಸಸ್’ ಎಂಬ ಆಯ್ಕೆಯನ್ನು ಮರೆಯಬಾರದು. ಆಗ ಚಿತ್ರಗಳೂ ಸೇರಿ ಎಲ್ಲವೂ ಒಂದೇ ಫೈಲಿನೊಳಗೆ ಬರುತ್ತದೆ. ತಯಾರಿಸುವಾಗ ಇಂಟರ್ನೆಟ್ ಬೇಕಾದರೂ ತೋರಿಸುವಾಗ ಬೇಡ. ನೆಟ್‌ವರ್ಕ್ ಸಿಗದ ನಮ್ಮ ಊರುಗಳಿಗೆ ಇದು ಮುಖ್ಯ ಸಂಗತಿ.

ನಾವು ಎಡವಿದ ಕಡೆಗಳು

1. ಫೈಲನ್ನು ಉಳಿಸುವಾಗ ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 ಇರಬೇಕು. ಆನ್ಸಿ ಎಂದಿದ್ದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆಗಳಾಗುತ್ತದೆ.

2. ಮೂರು ಗೆರೆಗಳ ಮೇಲೂ ಕೆಳಗೂ ಒಂದೊಂದು ಸಾಲು ಖಾಲಿ ಬಿಡಬೇಕು. ಬಿಡದಿದ್ದರೆ ಮೇಲಿನ ಮಾತು ತಲೆಬರಹವಾಗಬಹುದು, ಇಲ್ಲವೇ ಸ್ಲೈಡೇ ಕಾಣೆಯಾಗಬಹುದು.

3. ಚೌಕುಳಿ ಚಿಹ್ನೆ ಮತ್ತು ಸಣ್ಣ ಗೆರೆಯ ನಂತರ ಸ್ವಲ್ಪ ಜಾಗ ಬಿಟ್ಟು ಬರೆಯಬೇಕು.

4. ಚಿತ್ರಗಳನ್ನು ಬರಹದ ಫೈಲು ಇರುವ ಫೋಲ್ಡರಿನಲ್ಲಿಯೇ ಇಡಬೇಕು. ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಚಿಕ್ಕದು ಮಾಡದೆ ಸೇರಿಸಿದರೆ ಫೈಲು ಭಾರವಾಗಿ, ಕಳಿಸುವುದು ಕಷ್ಟ.

5. ಒಂದು ಸ್ಲೈಡಿಗೆ ನಾಲ್ಕೈದು ಸಾಲು ಸಾಕು. ಹೆಚ್ಚಾದರೆ ಕೊನೆಯ ಸಾಲು ಪರದೆಯಿಂದ ಹೊರಗೆ ಹೋಗುತ್ತದೆ. ಸುಣ್ಣದ ಪ್ರಮಾಣ ಆ ಸಾಲಿನಲ್ಲಿದ್ದರೆ ಕಳೆದ ವರ್ಷದ ಕಥೆಯೇ ಮತ್ತೆ.

ಆರಂಭದಲ್ಲಿ ಆಜ್ಞೆಯ ಸಾಲನ್ನು ಟೈಪು ಮಾಡುವುದು ನಮ್ಮಂತಹವರಿಗೆ ಸುಲಭವಲ್ಲ ಎಂಬುದನ್ನೂ ಹೇಳಬೇಕು. ಕಾಲೇಜಿಗೆ ಹೋಗುವ ಮಕ್ಕಳ ಸಹಾಯದಿಂದ ಒಮ್ಮೆ ಮಾಡಿಸಿ, ಆ ಸಾಲನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡೆವು. ಈಗ ಅದನ್ನೇ ನೋಡಿ ಟೈಪು ಮಾಡುತ್ತೇವೆ. ಬಣ್ಣಬಣ್ಣದ ಅಲಂಕಾರ ಬೇಕೆನ್ನುವವರಿಗೆ ಈ ಕ್ರಮ ಅಷ್ಟಾಗಿ ಹಿಡಿಸಲಾರದು.

ಈ ವರ್ಷದ ಸಭೆ

ಈ ವರ್ಷ ಸಭೆಗೆ ಮುಂಚೆಯೇ ಬರಹವನ್ನು ಮುದ್ರಿಸಿ ಕಚೇರಿಯ ಸೂಚನಾ ಫಲಕದಲ್ಲಿ ಹಾಕಿದೆವು. ಅದನ್ನು ಓದಿದ ಹಿರಿಯ ಸದಸ್ಯರೊಬ್ಬರು, “ನೋಡ್ರಿ, ಸುಣ್ಣದ ನೀರನ್ನ ಮೈಲುತುತ್ತಕ್ಕೆ ಹೊಯ್ಯಿ ಅಂತ ಬರ್ದಿದೀರಿ. ಅದು ತಿರುಗಾಮುರುಗಾ ಆಯ್ತಲ್ಲ?” ಎಂದರು. ಅವರ ಮಾತು ಸರಿಯಾಗಿತ್ತು. ಆ ಒಂದು ಸಾಲನ್ನು ತಿದ್ದಿ ಮತ್ತೆ ತಿರುಗಿಸಲು ಐದು ನಿಮಿಷವೂ ಹಿಡಿಯಲಿಲ್ಲ. ಮೇಲೆ ಕೊಟ್ಟಿರುವುದು ಅವರು ತಿದ್ದಿದ ರೂಪ. ಸಭೆಯ ನಡುವೆ ಕರೆಂಟು ಹೋದಾಗ ಸದಸ್ಯರು ತಮ್ಮ ಮೊಬೈಲಿನಲ್ಲಿ ಅದೇ ಸ್ಲೈಡುಗಳನ್ನು ನೋಡುತ್ತಾ ಮಾತು ಮುಂದುವರಿಸಿದರು. ಕಳೆದ ವರ್ಷ ನಷ್ಟ ಅನುಭವಿಸಿದ ಸದಸ್ಯರೂ ಬಂದಿದ್ದರು. ಅವರು ಮುಂದಿನ ಸಾಲಿನಲ್ಲಿ ಕುಳಿತು ಸುಣ್ಣದ ಪ್ರಮಾಣವನ್ನು ಚೀಟಿಯಲ್ಲಿ ಬರೆದುಕೊಂಡದ್ದನ್ನು ಕಂಡು ನಮಗೆ ಸಮಾಧಾನವೂ ಸಂಕೋಚವೂ ಆಯಿತು.

ಅರೇಬಿಕಾ ಬೆಳೆಗಾರರಿಗಾಗಿ ಬಿಳಿ ಕಾಂಡಕೊರಕದ ಬಗ್ಗೆ ಇದೇ ರೀತಿ ಒಂದು ಬರಹ ಸಿದ್ಧವಾಗುತ್ತಿದೆ. ಅಕ್ಟೋಬರಿನಲ್ಲಿ ಕೀಟದ ಹಾರಾಟ ಶುರುವಾಗುವ ಮೊದಲು ಅದು ಸದಸ್ಯರ ಕೈಸೇರಬೇಕು. ಅನುಭವಿಗಳು ಕಚೇರಿಗೆ ಬಂದು ಓದಿ, ತಪ್ಪಿದ್ದಲ್ಲಿ ತಿದ್ದಿಕೊಡಬೇಕೆಂದು ಕೋರುತ್ತೇವೆ. ಕಂಪ್ಯೂಟರು ತಿಳಿಯದಿದ್ದರೂ ಚಿಂತೆಯಿಲ್ಲ. ಕಾಗದದ ಮೇಲೆ ಪೆನ್ನಿನಲ್ಲಿ ಗುರುತು ಹಾಕಿದರೆ ಸಾಕು, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.